ದೂರಶಿಕ್ಷಣದ ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಆನ್‌ಲೈನ್ ಅಸೈನ್‌ಮೆಂಟ್: ಏನು ಕೊಡಬೇಕು, ಹೇಗೆ ತಿದ್ದಬೇಕು?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿರುವ 120 ಜನರಿಗೆ ಇಂಗ್ಲಿಷ್ ಭಾಷಾ ಪತ್ರಿಕೆಯ ಅಸೈನ್‌ಮೆಂಟ್‌ಗಳನ್ನು ಮುಂದಿನ ಸೆಮಿಸ್ಟರ್‌ನಿಂದ ಆನ್‌ಲೈನ್‌ನಲ್ಲೇ ಕೊಟ್ಟು, ತಿದ್ದಿ, ಅಂಕ ಹಾಕುವ ಜವಾಬ್ದಾರಿ ನನ್ನ ಮೇಲಿದೆ. ಬಹುತೇಕರ ಬಳಿ ಇರುವುದು ಫೋನ್ ಮಾತ್ರ, ಹೆಚ್ಚಿನವರು ಕೆಲಸಕ್ಕೆ ಹೋಗುವವರು. ಕಳೆದ ಸಲ ಬಂದ ಪ್ರಬಂಧಗಳಲ್ಲಿ ಅರ್ಧದಷ್ಟು ಎಲ್ಲಿಂದಲೋ ಎತ್ತಿದ್ದು. ವಾರಕ್ಕೆ ನನಗೆ ಸಿಗುವುದು ನಾಲ್ಕೈದು ಗಂಟೆ. ಆನ್‌ಲೈನ್ ಕಲಿಕೆಯ ವೇದಿಕೆಯಾಗಿ ಮೂಡಲ್ ಇದೆ, ಗೂಗಲ್ ಕ್ಲಾಸ್‌ರೂಮ್ ಕೂಡ ಬಳಸಬಹುದು ಎಂದಿದ್ದಾರೆ. ಹೇಗೆ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಆ ನಾಲ್ಕೈದು ಗಂಟೆ. ಮೂಡಲ್ ಬೇಕೋ ಕ್ಲಾಸ್‌ರೂಮ್ ಬೇಕೋ ಎಂಬುದು ಆಮೇಲಿನ ಮಾತು. 120 ಪ್ರಬಂಧಗಳನ್ನು ಒಂದೇ ದಿನ ತರಿಸಿಕೊಂಡು ಒಂದೊಂದಕ್ಕೆ ಆರು ನಿಮಿಷ ಕೊಟ್ಟರೂ 12 ಗಂಟೆ ಬೇಕು. ಅಂದರೆ ಮೂರು ವಾರ. ಮೂರನೇ ವಾರ ತಿದ್ದಿ ಬಂದ ಪ್ರಬಂಧವನ್ನು ಯಾರೂ ತೆರೆದು ನೋಡುವುದಿಲ್ಲ, ಅಂಕ ನೋಡಿ ಮುಚ್ಚುತ್ತಾರೆ. ಹಾಗಾಗಿ ಮೊದಲು 120 ಜನರನ್ನು ನಲವತ್ತು ನಲವತ್ತರಂತೆ ಮೂರು ತಂಡ ಮಾಡಿ. ಪ್ರತಿ ಅಸೈನ್‌ಮೆಂಟ್‌ನ ಕೊನೆಯ ದಿನಾಂಕ ಒಂದೊಂದು ತಂಡಕ್ಕೆ ಒಂದೊಂದು ವಾರ ಮುಂದಿರಲಿ. ಆಗ ಯಾವ ವಾರವೂ ನಿಮ್ಮೆದುರು ನಲವತ್ತಕ್ಕಿಂತ ಹೆಚ್ಚು ಹೊಸ ಉತ್ತರ ಇರುವುದಿಲ್ಲ, ಏಳು ದಿನದೊಳಗೆ ಎಲ್ಲವೂ ವಾಪಸು ಹೋಗುತ್ತದೆ.

ಈ ಏಳು ದಿನದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿದಾಗಲೂ, 1996ರಲ್ಲಿ ಆ ಶಿಕ್ಷಣ ವಿಭಾಗ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾದಾಗಲೂ ದೂರಶಿಕ್ಷಣದ ಬುಡದಲ್ಲಿ ಇದ್ದದ್ದು ಒಂದೇ ವ್ಯವಸ್ಥೆ: ಪಾಠ ಮನೆಗೆ ಹೋಗುತ್ತದೆ, ಉತ್ತರ ಮೇಷ್ಟ್ರ ಬಳಿಗೆ ಬರುತ್ತದೆ, ತಿದ್ದಿದ್ದು ಮತ್ತೆ ಮನೆಗೆ ಹೋಗುತ್ತದೆ. ಸಂಪರ್ಕ ತರಗತಿಗಳು ಸೆಮಿಸ್ಟರಿಗೆ ಕೆಲವೇ ದಿನ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಪುಸ್ತಕ ಓದಿಯಾದರೂ ಕಲಿಯಬಹುದು. ಭಾಷೆಯ ವಿಷಯ ಹಾಗಲ್ಲ. ತಾನು ಬರೆದ ವಾಕ್ಯ ಎಲ್ಲಿ ಎಡವಿತು ಎಂದು ಇನ್ನೊಬ್ಬರು ತೋರಿಸಲೇಬೇಕು. ನಿಮ್ಮ ವಿದ್ಯಾರ್ಥಿಗೆ ಆ ಇನ್ನೊಬ್ಬರು ಸಿಗುವುದು ಅಸೈನ್‌ಮೆಂಟ್‌ನಲ್ಲಿ ಮಾತ್ರ. ಅದು ಅಂಕಕ್ಕಾಗಿ ಕಟ್ಟುವ ತೆರಿಗೆಯಾದರೆ ಆ ಸೆಮಿಸ್ಟರ್ ಅವರಿಗೆ ಇಂಗ್ಲಿಷ್ ತರಗತಿಯೇ ನಡೆಯಲಿಲ್ಲ ಎಂದೇ ಅರ್ಥ.

ಅಂಕದ ಲೆಕ್ಕ ಹೀಗಿದೆ. ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2020ರ ನಿಯಮಾವಳಿ ಪ್ರಕಾರ ದೂರಶಿಕ್ಷಣದಲ್ಲಿ ಸೆಮಿಸ್ಟರ್ ನಡುವಿನ ಮೌಲ್ಯಮಾಪನಕ್ಕೆ ಗರಿಷ್ಠ ಶೇ 30, ಕೊನೆಯ ಪರೀಕ್ಷೆಗೆ ಕನಿಷ್ಠ ಶೇ 70. 30 ಅಂಕ ನಿಮ್ಮ ಕೈಯಲ್ಲಿದ್ದರೆ ಅದನ್ನು ಒಂದು ದೊಡ್ಡ ಪ್ರಬಂಧಕ್ಕೆ ಸುರಿಯಬೇಡಿ. ಕ್ವಿಜ್‌ಗಳಿಗೆ 6, ಧ್ವನಿ ಮುದ್ರಣಕ್ಕೆ 6, ಎರಡು ಕರಡಿನ ಬರವಣಿಗೆಗೆ 12, ಕೈಬರಹದ ಅನುವಾದ ಅಭ್ಯಾಸಕ್ಕೆ 6 ಎಂದು ಹಂಚಿ. ನಿಮ್ಮಲ್ಲಿ ಆಂತರಿಕ ಅಂಕ 20 ಮಾತ್ರ ಇದ್ದರೆ ಇದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ, ಅಸೈನ್‌ಮೆಂಟ್ ಕಡಿಮೆ ಮಾಡಬೇಡಿ.

ಈ ನಾಲ್ಕಕ್ಕೂ ಮೊದಲು ಅಂಕವಿಲ್ಲದ ಒಂದು ಅಸೈನ್‌ಮೆಂಟ್ ಬೇಕು. ಮೊದಲ ವಾರ ಎಲ್ಲರೂ ಲಾಗಿನ್ ಆಗಿ ತಮ್ಮ ಬಗ್ಗೆ ಮೂರು ವಾಕ್ಯ ಟೈಪ್ ಮಾಡಲಿ, ಯಾವುದಾದರೂ ಕಾಗದದ ಒಂದು ಫೋಟೊ ಏರಿಸಲಿ, 20 ಸೆಕೆಂಡಿನ ಒಂದು ಧ್ವನಿ ಮುದ್ರಣ ಕಳಿಸಲಿ. ಪಾಸ್‌ವರ್ಡ್ ಮರೆತವರು, ಮಗನ ಫೋನಿನಲ್ಲಿ ಮಗನ ಖಾತೆಯಿಂದ ಕಳಿಸಿದವರು, ಫೈಲ್ ಹೆಸರು ಬರೇ ಅಂಕಿಗಳಾಗಿ ಬಂದು ಯಾರದ್ದೆಂದು ಗೊತ್ತಾಗದವರು, ಎಲ್ಲರೂ ಈ ವಾರವೇ ಸಿಕ್ಕಿಬೀಳುತ್ತಾರೆ. ಹನ್ನೆರಡು ಅಂಕದ ಬರವಣಿಗೆಯ ಕೊನೆಯ ರಾತ್ರಿ ಸಿಕ್ಕಿಬೀಳುವುದಕ್ಕಿಂತ ಇದು ಎಷ್ಟೋ ವಾಸಿ. ಫೈಲ್ ಹೆಸರಿಗೆ ಒಂದೇ ನಿಯಮ ಇರಲಿ: ನೋಂದಣಿ ಸಂಖ್ಯೆ, ಮುಂದೆ ಅಸೈನ್‌ಮೆಂಟ್ ಸಂಖ್ಯೆ. ಸೂಚನೆಗಳನ್ನು ಸರಳ ಇಂಗ್ಲಿಷಿನಲ್ಲಿ ಕೊಟ್ಟು ಕೆಳಗೆ ಕನ್ನಡದಲ್ಲೂ ಬರೆಯಿರಿ. ಇಂಗ್ಲಿಷ್ ಪತ್ರಿಕೆಯಲ್ಲಿ ಕನ್ನಡ ಯಾಕೆ ಎಂದು ಕೇಳುವವರಿರುತ್ತಾರೆ. ಸೂಚನೆ ಅರ್ಥವಾಗದೆ ಕಳೆದುಕೊಂಡ ಅಂಕ ಆ ವಿದ್ಯಾರ್ಥಿಯ ಇಂಗ್ಲಿಷ್ ಎಷ್ಟಿದೆ ಎಂದು ತೋರಿಸುವುದಿಲ್ಲ ಎಂದು ಅವರಿಗೆ ಹೇಳಿ.

ಕ್ವಿಜ್ ನಿಮ್ಮ ಸಮಯ ಉಳಿಸುವ ಭಾಗ. ಎರಡನೇ ವಾರದಿಂದ ನಾಲ್ಕನೇ ವಾರದವರೆಗೆ ಮೂರು ಚಿಕ್ಕ ಕ್ವಿಜ್ ಇಡಿ, ಪ್ರತಿಯೊಂದರಲ್ಲಿ ಹತ್ತು ಪ್ರಶ್ನೆ. ಪ್ರಶ್ನೆ ಬ್ಯಾಂಕಿನಲ್ಲಿ ಅರವತ್ತಾದರೂ ಪ್ರಶ್ನೆ ಹಾಕಿ ಮೂಡಲ್‌ಗೆ ಯಾದೃಚ್ಛಿಕವಾಗಿ ಆರಿಸಲು ಬಿಟ್ಟರೆ ಸ್ಕ್ರೀನ್‌ಶಾಟ್ ಹಂಚಿಕೊಂಡೂ ಹೆಚ್ಚು ಲಾಭವಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ‘ಇಂಟರ್‌ಆ್ಯಕ್ಟಿವ್ ವಿತ್ ಮಲ್ಟಿಪಲ್ ಟ್ರೈಸ್’ ಆರಿಸಿ. ತಪ್ಪಾದರೆ ನೀವು ಬರೆದಿಟ್ಟ ಸುಳಿವು ಕಾಣಿಸುತ್ತದೆ, ಎರಡನೇ ಯತ್ನಕ್ಕೆ ಅಂಕ ಸ್ವಲ್ಪ ಕಡಿತವಾಗುತ್ತದೆ. ಆ ಸುಳಿವಿನಲ್ಲೇ ಪಾಠ ಇರುವುದು, ಅದನ್ನು ಖಾಲಿ ಬಿಡಬೇಡಿ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಒಂದು ಎಡವಟ್ಟು ಬಹಳ ಸಲ ಆಗುತ್ತದೆ: ‘ಡೋಂಟ್’ ತರಹದ ಪದದಲ್ಲಿ ಬರುವ ಮೇಲ್ಚುಕ್ಕೆ (ಅಪಾಸ್ಟ್ರಫಿ) ಕೆಲವು ಫೋನ್‌ಗಳಲ್ಲಿ ಬಾಗಿದ ಆಕಾರದಲ್ಲಿ ಬೀಳುತ್ತದೆ, ನೀವು ಕಂಪ್ಯೂಟರಿನಲ್ಲಿ ಹಾಕಿದ್ದು ನೆಟ್ಟಗಿರುತ್ತದೆ. ಯಂತ್ರಕ್ಕೆ ಇವೆರಡೂ ಬೇರೆ ಅಕ್ಷರ. ಸರಿ ಉತ್ತರ ತಪ್ಪೆಂದು ಬಂದು ವಿದ್ಯಾರ್ಥಿ ಕಂಗಾಲಾಗುತ್ತಾನೆ. ಮೂಡಲ್‌ನ ಶಾರ್ಟ್ ಆನ್ಸರ್ ಪ್ರಶ್ನೆಯಲ್ಲಿ ಮೇಲ್ಚುಕ್ಕೆಯ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿದರೆ ಎರಡೂ ಒಪ್ಪಿಗೆಯಾಗುತ್ತವೆ.

ಧ್ವನಿ ಮುದ್ರಣ ಐದರಿಂದ ಏಳನೇ ವಾರ. ಒಂದೂವರೆ ನಿಮಿಷ ಸಾಕು, ಒಬ್ಬರಿಗೆ ಮೂರು ನಿಮಿಷದಂತೆ ನಲವತ್ತಕ್ಕೆ ಎರಡು ಗಂಟೆ. ‘ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಇಳಿದ ಅಪರಿಚಿತರಿಗೆ ನಿಮ್ಮ ಮನೆಗೆ ಬರುವ ದಾರಿ ಹೇಳಿ’ ಎಂಬಂಥ ವಿಷಯ ಕೊಡಿ. ಬರೆದುಕೊಂಡು ಓದಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ: ಏರಿಳಿತ ಇರುವುದಿಲ್ಲ, ಅಲ್ಪವಿರಾಮ ಇದ್ದಲ್ಲೆಲ್ಲ ಒಂದೇ ಅಳತೆಯ ನಿಲುಗಡೆ. ತೊದಲಿದ್ದಕ್ಕೆ, ಮತ್ತೆ ಶುರು ಮಾಡಿದ್ದಕ್ಕೆ ಅಂಕ ಕಳೆಯುವುದಿಲ್ಲ ಎಂದು ಸೂಚನೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ಹೆದರಿ ಓದುತ್ತಾರೆ. ಉಚ್ಚಾರಣೆಯಲ್ಲಿ ನಮ್ಮವರ ಎಲ್ಲ ಛಾಯೆಗಳನ್ನೂ ತಿದ್ದಲು ಹೋಗಬೇಡಿ. ‘ಎಗ್’ ಅನ್ನು ‘ಯೆಗ್’ ಎಂದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಅರ್ಥ ಬದಲಾಗುವ ಕಡೆ ಮಾತ್ರ ಹೇಳಿ. ಇನ್ನು ಫೈಲ್ ಗಾತ್ರ: 128 ಕೆಬಿಪಿಎಸ್ ಎಂಪಿ3 ಆದರೆ ನಿಮಿಷಕ್ಕೆ ಸುಮಾರು 1 ಎಂಬಿ. ಗರಿಷ್ಠ 5 ಎಂಬಿ ಎಂದಿಟ್ಟರೆ ಸಾಕು. ವಿಡಿಯೊ ಕೇಳಬೇಡಿ, ಹಳ್ಳಿಯ ನೆಟ್‌ವರ್ಕಿನಲ್ಲಿ ಅದು ಏರುವುದಿಲ್ಲ, ಮುಖ ತೋರಿಸಲು ಹಿಂಜರಿಯುವವರೂ ಇರುತ್ತಾರೆ.

ಇನ್ನು ಬರವಣಿಗೆಗೆ ಬರೋಣ. ನಿಮ್ಮ ಹೆಚ್ಚಿನ ಸಮಯ ಹೋಗಬೇಕಾದದ್ದು ಇಲ್ಲಿಗೆ.

‘ಶಿಕ್ಷಣದ ಮಹತ್ವ ಕುರಿತು 500 ಪದಗಳ ಪ್ರಬಂಧ’ ಎಂದು ಕೇಳಿದರೆ ಎಲ್ಲಿಂದಲೋ ಎತ್ತಿದ್ದೇ ಬರುತ್ತದೆ, ಏಕೆಂದರೆ ಅದು ಎಲ್ಲೆಲ್ಲೂ ಸಿಗುತ್ತದೆ. ಜೊತೆಗೆ 500 ಪದ ಫೋನಿನಲ್ಲಿ ಟೈಪ್ ಮಾಡುವುದು ದಿನವಿಡೀ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದವರಿಗೆ ಶಿಕ್ಷೆ. ಬದಲಿಗೆ ಹೀಗೆ ಕೇಳಿ: ನಿಮ್ಮ ಬೀದಿಯಲ್ಲಿ ಈಗ ನಿಜವಾಗಿ ಇರುವ ಒಂದು ತೊಂದರೆ ಆರಿಸಿ. ಪಂಚಾಯಿತಿ ಪಿಡಿಒಗೋ ವಾರ್ಡಿನ ಅಧಿಕಾರಿಗೋ 150 ಪದಗಳ ಇ-ಮೇಲ್ ಬರೆಯಿರಿ. ತೊಂದರೆ ಎಷ್ಟು ದಿನದಿಂದ ಇದೆ, ಯಾರಿಗೆ ಕಷ್ಟವಾಗುತ್ತಿದೆ, ನೀವು ಈಗಾಗಲೇ ಯಾರಿಗೆ ಹೇಳಿದಿರಿ, ಏನು ಮಾಡಬೇಕೆಂದು ಕೇಳುತ್ತೀರಿ, ಈ ನಾಲ್ಕೂ ಬರಲಿ. ಆ ಜಾಗದ ಒಂದು ಫೋಟೊ ಲಗತ್ತಿಸಿ.

ಈ ಪ್ರಶ್ನೆಯನ್ನು ಹೀಗೇ ಹೊಸೆದಿರುವುದು ಅದು ಕೆಲವು ವ್ಯಾಕರಣದ ಗಂಟುಗಳನ್ನು ತಾನಾಗಿ ಎಳೆದು ತರಲಿ ಎಂದು. ಬರುವ ಉತ್ತರಗಳಲ್ಲಿ ಇಂಥ ಸಾಲುಗಳು ಖಂಡಿತ ಇರುತ್ತವೆ: ‘ದಿ ಡ್ರೈನೇಜ್ ಈಸ್ ಬ್ಲಾಕ್ಡ್ ಸಿನ್ಸ್ ತ್ರೀ ವೀಕ್ಸ್. ವಿ ಟೋಲ್ಡ್ ದಟ್ ಇಟ್ ಈಸ್ ಸ್ಮೆಲ್ಲಿಂಗ್. ವಿ ವಾಂಟ್ ಟು ಡಿಸ್ಕಸ್ ಅಬೌಟ್ ದಿಸ್ ಮ್ಯಾಟರ್.’ ಇವು ಅಜಾಗರೂಕತೆಯ ತಪ್ಪುಗಳಲ್ಲ. ಮೂರರ ಬೇರೂ ಕನ್ನಡದಲ್ಲಿದೆ. ನಾವು ‘ಮೂರು ವಾರದಿಂದ’ ಎನ್ನುತ್ತೇವೆ, ‘ಸೋಮವಾರದಿಂದ’ ಎಂದೂ ಅನ್ನುತ್ತೇವೆ. ಅವಧಿಗೂ ಶುರುವಾದ ಗಳಿಗೆಗೂ ನಮಗೆ ಒಂದೇ ‘ಇಂದ’. ಇಂಗ್ಲಿಷಿಗೆ ಅವಧಿಯಾದರೆ ‘ಫಾರ್’, ಶುರುವಾದ ಗಳಿಗೆಯಾದರೆ ‘ಸಿನ್ಸ್’, ಕ್ರಿಯಾಪದ ‘ಹ್ಯಾಸ್ ಬೀನ್’. ನಮ್ಮ ‘ಹೇಳು’ ಇಂಗ್ಲಿಷಿನ ‘ಸೇ’ ಮತ್ತು ‘ಟೆಲ್’ ಎರಡಕ್ಕೂ ಸಾಲುತ್ತದೆ. ಆದರೆ ‘ಟೋಲ್ಡ್’ ಎಂದು ಹೀಗೆ ಬರೆದರೆ ಯಾರಿಗೆ ಎಂದು ಹೇಳಲೇಬೇಕು. ‘ವಿಷಯದ ಬಗ್ಗೆ ಚರ್ಚಿಸು’ ಎನ್ನುವುದರಿಂದ ‘ಅಬೌಟ್’ ಬಂದು ಕೂರುತ್ತದೆ, ‘ಡಿಸ್ಕಸ್’ಗೆ ಅದು ಬೇಡ. ವಿದ್ಯಾರ್ಥಿಗೆ ಈ ಬೇರು ತೋರಿಸಿದರೆ ಒಂದು ತಪ್ಪಿನ ಜೊತೆ ಅದೇ ಜಾತಿಯ ಹತ್ತು ತಪ್ಪು ಹೋಗುತ್ತವೆ. ಬರೇ ಕೆಂಪು ಗೆರೆ ಎಳೆದರೆ ಅದೊಂದೇ ಹೋಗುತ್ತದೆ, ಕೆಲವೊಮ್ಮೆ ಅದೂ ಹೋಗುವುದಿಲ್ಲ.

ಮೊದಲ ಕರಡಿನಲ್ಲಿ ಎಲ್ಲವನ್ನೂ ತಿದ್ದಬೇಡಿ. ತಿದ್ದುವುದರಿಂದ ಪ್ರಯೋಜನವಿದೆಯೇ ಎಂಬುದರ ಬಗ್ಗೆಯೇ ದೊಡ್ಡ ಜಗಳ ನಡೆದಿದೆ. 1996ರಲ್ಲಿ ಭಾಷಾ ಸಂಶೋಧಕ ಜಾನ್ ಟ್ರಸ್ಕಾಟ್ ಎರಡನೇ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದನ್ನು ಬಿಟ್ಟೇಬಿಡಬೇಕು ಎಂದು ವಾದಿಸಿದರು, 1999ರಲ್ಲಿ ಇನ್ನೊಬ್ಬ ಸಂಶೋಧಕಿ ಡಾನಾ ಫೆರಿಸ್ ತಿದ್ದುವುದರ ಪರವಾಗಿ ಅದಕ್ಕೆ ಉತ್ತರ ಕೊಟ್ಟರು. ನಿಮ್ಮಂಥ ಸಂದರ್ಭಕ್ಕೆ ನಡುದಾರಿಯೇ ಸರಿ: ಎರಡೇ ನಿಯಮ ಆರಿಸಿ, ಅವನ್ನು ಸೂಚನೆಯಲ್ಲೇ ಮೊದಲು ಸಾರಿ, ಅವೆರಡನ್ನು ಮಾತ್ರ ಗುರುತಿಸಿ. ಗುರುತಿಸುವಾಗ ಸರಿಯುತ್ತರ ಬರೆದುಕೊಡಬೇಡಿ. ಮೊದಲ ಸಲ ಬಂದ ಕಡೆ ಅಡಿಗೆರೆ ಹಾಕಿ, ಫೀಡ್‌ಬ್ಯಾಕ್ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಬರೆಯಿರಿ: ‘ಮೂರು ವಾರ ಎಂಬುದು ಅವಧಿ, ಸೋಮವಾರ ಎಂಬುದು ಶುರುವಾದ ದಿನ. ಯಾವುದಕ್ಕೆ ಫಾರ್, ಯಾವುದಕ್ಕೆ ಸಿನ್ಸ್? ಇದೇ ತಪ್ಪು ಇನ್ನೆರಡು ಕಡೆ ಇದೆ, ನೀವೇ ಹುಡುಕಿ.’ ಜೊತೆಗೆ ವಿಷಯದ ಬಗ್ಗೆ ಒಂದು ಮಾತು: ‘ಯಾರಿಗೆ ಕಷ್ಟವಾಗುತ್ತಿದೆ ಎಂದು ಬರೆದಿಲ್ಲ, ಅದನ್ನು ಓದದೆ ಅಧಿಕಾರಿ ಯಾಕೆ ಬರುತ್ತಾರೆ?’ ಇಂಥ ಹದಿನೈದು ಇಪ್ಪತ್ತು ಟಿಪ್ಪಣಿಗಳನ್ನು ಒಂದು ಕಡತದಲ್ಲಿ ಕೂಡಿಡಿ, ಕ್ಲಾಸ್‌ರೂಮ್‌ನಲ್ಲಾದರೆ ಕಮೆಂಟ್ ಬ್ಯಾಂಕ್‌ನಲ್ಲಿ. ಎರಡನೇ ತಂಡಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಸಿಗುತ್ತದೆ, ಒಬ್ಬರಿಗೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ.

ಮೊದಲ ಕರಡಿಗೆ ಅಂಕ ಹಾಕಲೇಬೇಡಿ. ಅಂಕ ಕಂಡರೆ ಟಿಪ್ಪಣಿ ಓದುವುದಿಲ್ಲ. ಅಂಕವಿಲ್ಲ ಎಂದು ಮೊದಲ ಕರಡನ್ನೇ ಕಳಿಸದಿದ್ದರೆ? ಅದಕ್ಕೆ ಮೂಡಲ್‌ನ ‘ರಿಸ್ಟ್ರಿಕ್ಟ್ ಆ್ಯಕ್ಸೆಸ್’ ಇದೆ: ಎರಡನೇ ಕರಡಿನ ಪೆಟ್ಟಿಗೆ ಮೊದಲನೆಯದು ಸಲ್ಲಿಕೆಯಾದವರಿಗೆ ಮಾತ್ರ ತೆರೆಯುವಂತೆ ಮಾಡಬಹುದು. ಎರಡನೇ ಕರಡಿನ 12 ಅಂಕದಲ್ಲಿ ಕೇಳಿದ ನಾಲ್ಕೂ ವಿವರ ಬಂದಿದ್ದಕ್ಕೆ 4, ಕ್ರಮ ಮತ್ತು ಮರ್ಯಾದೆಯ ಧಾಟಿಗೆ 3, ಸಾರಿದ ಎರಡು ನಿಯಮಗಳಿಗೆ 3, ಟಿಪ್ಪಣಿ ನೋಡಿ ತಿದ್ದಿಕೊಂಡಿದ್ದಕ್ಕೆ 2. ವೇಳಾಪಟ್ಟಿಯೂ ಕೂಡಿಬರುತ್ತದೆ. ಮೊದಲ ಕರಡುಗಳನ್ನು 8, 9, 10ನೇ ವಾರ, ಎರಡನೆಯವನ್ನು 10, 11, 12ನೇ ವಾರ ನೋಡುತ್ತೀರಿ. ಹತ್ತನೇ ವಾರ ಮಾತ್ರ ಎರಡೂ ಒಟ್ಟಿಗೆ ಬಿದ್ದು, ಮೊದಲ ಕರಡಿಗೆ ನಾಲ್ಕು, ಎರಡನೆಯದಕ್ಕೆ ಮೂರು ನಿಮಿಷದಂತೆ 4 ಗಂಟೆ 40 ನಿಮಿಷ ಹಿಡಿಯುತ್ತದೆ. ಆ ವಾರ ಬೇರೆ ಕೆಲಸ ಒಪ್ಪಿಕೊಳ್ಳಬೇಡಿ.

ಎತ್ತಿ ಬರೆಯುವುದರ ಬಗ್ಗೆ ಕೇಳಿದ್ದೀರಿ. ಈಗ ಎತ್ತುವುದಕ್ಕಿಂತ ಚಾಟ್‌ಜಿಪಿಟಿಯಂಥವುಗಳಿಂದ ಬರೆಸುವುದೇ ಹೆಚ್ಚು. ಪತ್ತೆ ಹಚ್ಚುವ ತಂತ್ರಾಂಶದ ಮೇಲೆ ಭಾರ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇವೆ. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಇಂಥ ಏಳು ತಂತ್ರಾಂಶಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ತಾವೇ ಬರೆದ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರ ಬರೆದದ್ದು ಎಂದವು. ಕಾರಣ ಸರಳ: ಕಲಿಯುತ್ತಿರುವವರು ಗೊತ್ತಿರುವ ಕೆಲವೇ ಪದಗಳನ್ನು ಊಹಿಸಬಹುದಾದ ಕ್ರಮದಲ್ಲಿ ಬಳಸುತ್ತಾರೆ, ತಂತ್ರಾಂಶ ಅದನ್ನೇ ಯಂತ್ರದ ಗುರುತು ಎಂದುಕೊಳ್ಳುತ್ತದೆ. ಅಂದರೆ ಪ್ರಾಮಾಣಿಕವಾಗಿ ಬರೆದ ನಿಮ್ಮ ವಿದ್ಯಾರ್ಥಿಯೇ ಮೊದಲು ಸಿಕ್ಕಿಬೀಳುವುದು. ಸ್ವಂತ ಬೀದಿಯ ಫೋಟೊ, ಎರಡು ಕರಡು, ಕರಡಿನ ಟಿಪ್ಪಣಿಗೆ ತಕ್ಕ ತಿದ್ದುಪಡಿ, ಇವು ಒಳ್ಳೆಯ ಕಾವಲು. ಆಮೇಲೂ ಅನುಮಾನ ಬಂದರೆ ಮೂರು ನಿಮಿಷದ ಫೋನ್ ಕರೆ ಮಾಡಿ. ‘ಈ ಪದದ ಬದಲು ಬೇರೆ ಯಾವುದು ಹಾಕಬಹುದಿತ್ತು?’, ‘ಈ ವಾಕ್ಯವನ್ನು ಕನ್ನಡದಲ್ಲಿ ಹೇಳಿ’ ಎಂದು ಕೇಳಿ. ಬರೆದವರು ತಡವರಿಸಿಯಾದರೂ ಹೇಳುತ್ತಾರೆ. ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿಯಲ್ಲಿ (ಕಡತ ಹಂತಹಂತವಾಗಿ ಬದಲಾದ ದಾಖಲೆ) ಇಡೀ ಪಠ್ಯ ಒಂದೇ ಸಲ ಬಂದು ಕೂತಿದ್ದರೆ ಅದನ್ನೇ ಸಾಕ್ಷಿ ಮಾಡಬೇಡಿ. ನೆಟ್ ಇಲ್ಲದಾಗ ಫೋನಿನ ನೋಟ್ಸ್‌ನಲ್ಲಿ ಬರೆದು ಆಮೇಲೆ ಅಂಟಿಸುವವರೂ ಇದ್ದಾರೆ. ಹಾಗೆ ಬರೆಯಿರಿ ಎಂದು ನೀವೇ ಹೇಳಿಕೊಡಬೇಕು ಕೂಡ, ಬ್ರೌಸರ್ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಟೈಪ್ ಮಾಡಿದ್ದು ಲಾಗಿನ್ ಅವಧಿ ಮುಗಿದು ಮಾಯವಾಗುವುದುಂಟು.

ನಾಲ್ಕನೆಯದು ಕೈಬರಹ, 13ರಿಂದ 15ನೇ ವಾರ. ಕೊನೆಯ ಪರೀಕ್ಷೆ ಪೆನ್ನು ಹಿಡಿದೇ ಬರೆಯುವುದಾದರೆ ಒಂದಾದರೂ ಅಸೈನ್‌ಮೆಂಟ್ ಕಾಗದದ ಮೇಲಿರಬೇಕು. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿ ಎಂದರೆ ಫೋನು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದ್ದರಿಂದ ಯಂತ್ರದ ಅನುವಾದವನ್ನು ನೀವೇ ಕೊಡಿ. 80 ಪದಗಳ ಕನ್ನಡ ಗದ್ಯ, ಕೆಳಗೆ ಯಂತ್ರ ಮಾಡಿದ ಇಂಗ್ಲಿಷ್. ನಾಲ್ಕು ತಪ್ಪು ಹುಡುಕಿ, ಸರಿಪಡಿಸಿ, ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ ಬರೆಯಬೇಕು. ಗದ್ಯವನ್ನು ಆರಿಸುವಾಗ ‘ಅಜ್ಜಿ ನಿನ್ನೆ ಬಂದರು. ನಾಳೆ ಹೋಗುತ್ತಾರೆ’ ಎಂಬಂಥ ಸಾಲುಗಳು ಇರಲಿ. ನಮ್ಮ ಗೌರವದ ಬಹುವಚನ, ಕರ್ತೃವನ್ನು ಹೇಳದೆ ಬಿಡುವ ನಮ್ಮ ಅಭ್ಯಾಸ, ಇವೆರಡೂ ಸೇರಿದಲ್ಲಿ ಯಂತ್ರ ಅಜ್ಜಿಯನ್ನು ‘ದೇ’ ಎಂದೋ ‘ಹಿ’ ಎಂದೋ ಮಾಡಿಬಿಡಬಹುದು. ಕೊಡುವ ಮೊದಲು ಯಂತ್ರ ನಿಜಕ್ಕೂ ನಾಲ್ಕು ಕಡೆ ಎಡವಿದೆಯೇ ಎಂದು ನೋಡಿಕೊಳ್ಳಿ. ಕನ್ನಡ ಗದ್ಯ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನ ಕಡತದಿಂದ ನಕಲಿಸಿ ಅಂಟಿಸಿದರೆ ವಿದ್ಯಾರ್ಥಿಯ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಉತ್ತರದ ಹಾಳೆಗಳನ್ನು ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು ಬಿಳುಪು ಮಾಡಿ, ಒಂದೇ ಪಿಡಿಎಫ್ ಆಗಿ ಕಳಿಸಲು ಹೇಳಿ. ಬಿಡಿ ಫೋಟೊಗಳು ಒಂದೊಂದೂ ಮೂರು ನಾಲ್ಕು ಎಂಬಿ ತೂಗುತ್ತವೆ, ಅಡ್ಡತಿಡ್ಡ ಬರುತ್ತವೆ. ದೃಷ್ಟಿ ಸಮಸ್ಯೆ ಇರುವ ವಿದ್ಯಾರ್ಥಿ ಇದ್ದರೆ ಅವರಿಗೆ ಪ್ರಶ್ನೆಯನ್ನು ಚಿತ್ರವಾಗಿ ಕಳಿಸಬೇಡಿ, ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಉತ್ತರವನ್ನೂ ಟೈಪ್ ಮಾಡಿ ಕಳಿಸಲು ಬಿಡಿ.

ಸೆಟ್ಟಿಂಗ್‌ಗಳಲ್ಲಿ ಮೂರು ಕಡೆ ಎಚ್ಚರ ಬೇಕು. ಮೂಡಲ್‌ನಲ್ಲಿ ‘ಡ್ಯೂ ಡೇಟ್’ ಮುಗಿದರೂ ಸಲ್ಲಿಕೆ ನಡೆಯುತ್ತದೆ, ತಡವಾಯಿತು ಎಂದು ಮಾತ್ರ ತೋರಿಸುತ್ತದೆ. ಬಾಗಿಲು ಮುಚ್ಚುವುದು ‘ಕಟ್ ಆಫ್ ಡೇಟ್’. ಮೊದಲನೆಯದನ್ನು ಭಾನುವಾರ ರಾತ್ರಿ 8ಕ್ಕೆ, ಎರಡನೆಯದನ್ನು ಬುಧವಾರಕ್ಕೆ ಇಡಿ. ಕರೆಂಟು ಹೋದವರು, ಪಾಳಿ ಬದಲಾದವರು ನಿಮಗೆ ಫೋನ್ ಮಾಡಿ ಬೇಡಿಕೊಳ್ಳುವುದು ತಪ್ಪುತ್ತದೆ. ರಾತ್ರಿ 12 ಗಂಟೆ ಎಂದು ಎಂದೂ ಇಡಬೇಡಿ: 15ನೇ ತಾರೀಕು 12 ಎಎಂ ಎಂದರೆ ಯಂತ್ರಕ್ಕೆ 14ರ ರಾತ್ರಿ ಮುಗಿದ ಕ್ಷಣ, ವಿದ್ಯಾರ್ಥಿಗೆ 15ರ ರಾತ್ರಿ. ಎರಡನೆಯದು ‘ಸಬ್‌ಮಿಟ್’ ಗುಂಡಿ ಒತ್ತಲೇಬೇಕು ಎಂಬ ಆಯ್ಕೆ. ಅದು ‘ಯೆಸ್’ ಆಗಿದ್ದರೆ ಫೈಲ್ ಏರಿಸಿ ಸುಮ್ಮನಾದವರದ್ದು ‘ಡ್ರಾಫ್ಟ್’ ಆಗಿಯೇ ಉಳಿಯುತ್ತದೆ. ‘ನೋ’ ಮಾಡಿಡಿ. ಮೂರನೆಯದು ಕ್ಲಾಸ್‌ರೂಮ್‌ನದು. ಡಾಕ್ಸ್ ಕಡತ ಲಗತ್ತಿಸುವಾಗ ‘ಮೇಕ್ ಎ ಕಾಪಿ ಫಾರ್ ಈಚ್ ಸ್ಟೂಡೆಂಟ್’ ಎಂಬುದನ್ನು ಪ್ರಕಟಿಸುವ ಮೊದಲೇ ಆರಿಸಬೇಕು, ಆಮೇಲೆ ಬದಲಿಸಲಾಗದು. ತಪ್ಪಿ ‘ಎಡಿಟ್ ಮಾಡಬಹುದು’ ಎಂದು ಕೊಟ್ಟರೆ ನಲವತ್ತು ಜನ ಒಂದೇ ಕಡತದಲ್ಲಿ ಒಬ್ಬರ ಮೇಲೊಬ್ಬರು ಬರೆಯುತ್ತಾರೆ. ಎರಡರಲ್ಲಿ ಯಾವುದು ಎಂದರೆ, ಕ್ವಿಜ್ ಮತ್ತು ಎರಡು ಹಂತದ ಕರಡಿಗೆ ಮೂಡಲ್ ಮೇಲು. ನಿಮ್ಮ ಮೂಡಲ್ ಫೋನಿನಲ್ಲಿ ಸರಿಯಾಗಿ ತೆರೆಯದಿದ್ದರೆ ಮಾತ್ರ ಕ್ಲಾಸ್‌ರೂಮ್‌ಗೆ ಹೋಗಿ. ಎರಡನ್ನೂ ಬೆರೆಸಬೇಡಿ.

ವಾಟ್ಸ್‌ಆ್ಯಪ್ ಗುಂಪನ್ನು ನೆನಪೋಲೆಗಳಿಗಷ್ಟೇ ಇಟ್ಟುಕೊಳ್ಳಿ. ಅಲ್ಲಿ ಉತ್ತರ ತರಿಸಿಕೊಂಡರೆ ಒಬ್ಬರ ತಪ್ಪು ನೂರಿಪ್ಪತ್ತು ಜನರ ಮುಂದೆ ಬೀಳುತ್ತದೆ, ಹೆಣ್ಣುಮಕ್ಕಳ ಫೋನ್ ನಂಬರ್ ಅಪರಿಚಿತರ ಕೈಸೇರುತ್ತದೆ. ಗುಂಪು ಬೇಕೇ ಬೇಕೆಂದರೆ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವ ವಾಟ್ಸ್‌ಆ್ಯಪ್ ಕಮ್ಯುನಿಟಿ ಪ್ರಕಟಣೆಯ ರೂಪದಲ್ಲಿ ಮಾಡಿ, ಅದರಲ್ಲಿ ಸದಸ್ಯರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಸೆಮಿಸ್ಟರ್ ಶುರುವಾಗಲು ಇನ್ನೂ ಸಮಯವಿದೆ. ಈ ವಾರ ತಂಡದ ಪಟ್ಟಿ ಮಾಡಿ, ಅಂಕವಿಲ್ಲದ ಆ ಮೊದಲ ಅಸೈನ್‌ಮೆಂಟ್ ಸಿದ್ಧಪಡಿಸಿ, ಅದನ್ನು ನಿಮ್ಮದೇ ಫೋನಿನಿಂದ, ವಿದ್ಯಾರ್ಥಿ ಖಾತೆಯೊಂದರಲ್ಲಿ ಲಾಗಿನ್ ಆಗಿ, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ಸಲ್ಲಿಸಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಆ ಜಾಗದ ಸ್ಕ್ರೀನ್‌ಶಾಟ್ ತೆಗೆದು ಸೂಚನೆಗೆ ಸೇರಿಸಿ.